ನೀರು ತುಂಬಿಕೊಳ್ಳಲು ಕೆರೆಗೆ ಹೆಲಿಕಾಪ್ಟರ್ ಬಂದರೆ ದಡದಲ್ಲಿರುವವರು ಏನು ಮಾಡಬೇಕು?

ಸ್ಕಂದಗಿರಿಗೆ ರಾತ್ರಿ ಹೊತ್ತು ಬೆಂಕಿ ಬಿದ್ದರೆ, ನಮ್ಮೂರ ಕೆರೆ ಏರಿಯಿಂದ ನೋಡುವವರಿಗೆ ಬೆಟ್ಟಕ್ಕೆ ಯಾರೋ ಕೆಂಪು ದಾರ ಸುತ್ತಿದ ಹಾಗೆ ಕಾಣುತ್ತದೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಹುಲ್ಲೆಲ್ಲ ಒಣಗಿ ಗರಿಗರಿ ಆಗಿರುತ್ತದೆ. ಟ್ರೆಕ್ಕಿಂಗ್‌ಗೆ ಬಂದವರು ಎಸೆದ ಒಂದು ಬೀಡಿ ತುಂಡು ಸಾಕು. ಪ್ರತಿ ಸಲವೂ ಏರಿ ಮೇಲೆ ನಿಂತವರಲ್ಲಿ ಒಬ್ಬರಾದರೂ ನನ್ನ ಕಡೆ ತಿರುಗಿ, "ಮಿಲಿಟ್ರಿ ಅಣ್ಣ, ನಿಮ್ಮ ಹೆಲಿಕಾಪ್ಟರ್ ಕರೆಸಬಾರದಾ?" ಅನ್ನುತ್ತಾರೆ.

ನಾನು ಇದ್ದದ್ದು ವಾಯುಪಡೆಯಲ್ಲಿ. ಊರಿಗೆ ಎಲ್ಲವೂ ಮಿಲಿಟ್ರಿಯೇ. 20 ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ, ಅದರಲ್ಲಿ ಬಹುಪಾಲು ಹೆಲಿಕಾಪ್ಟರ್‌ಗಳ ಹತ್ತಿರ. ಹಾರಿಸಿದವನಲ್ಲ, ಹಾರುವ ಮುಂಚೆ ಬೋಲ್ಟು ಬಿಗಿ ಮಾಡಿದವನು. ಈಗ ಚಿಕ್ಕಬಳ್ಳಾಪುರದ ಹತ್ತಿರ ಎರಡು ಎಕರೆ ದ್ರಾಕ್ಷಿ ಚಪ್ಪರ, ನಾಲ್ಕು ಹಸು.

ಹೆಲಿಕಾಪ್ಟರ್ ಕರೆಸುವುದು ನನ್ನ ಕೈಯಲ್ಲಿಲ್ಲ. ಅರಣ್ಯ ಇಲಾಖೆ, ಜಿಲ್ಲಾಧಿಕಾರಿ, ರಾಜ್ಯ ಸರ್ಕಾರ, ಆಮೇಲೆ ವಾಯುಪಡೆ, ಹೀಗೆ ಹೋಗುವ ದಾರಿ ಅದು. 2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂದು ನೀರು ಸುರಿದದ್ದು ಹಾಗೆಯೇ. ನಮ್ಮ ಕೆರೆಗೆ ಇನ್ನೂ ಬಂದಿಲ್ಲ. ಆದರೆ ಬರುವ ದಿನ ಏರಿ ಮೇಲೆ ಸಾವಿರ ಜನ ಸೇರುತ್ತಾರೆ ಅಂತ ಬರೆದು ಕೊಡುತ್ತೇನೆ. ನನಗೆ ಭಯ ಇರುವುದು ಅದೇ. ಹೆಲಿಕಾಪ್ಟರ್ ಬೀಳುವುದು ಆಕಾಶದಿಂದ ನಿಜ, ಬೀಳಿಸುವ ಸಾಮಾನು ಎಷ್ಟೋ ಸಲ ನೆಲದ ಮೇಲೆ, ನಮ್ಮ ಕಾಲ ಬುಡದಲ್ಲೇ ಇರುತ್ತದೆ. ಅದನ್ನು ತೆಗೆಯುವುದು ಹೇಗೆ, ಅಷ್ಟಾದರೂ ಬಿದ್ದೇ ಬಿಟ್ಟರೆ ಏನು ಮಾಡುವುದು, ಇದು ಆ ಬಗ್ಗೆ.

ಮೊದಲು ಅದು ನೀರು ಸೇದುವ ರೀತಿ ತಿಳಿದುಕೊಳ್ಳಿ

ಹೊಟ್ಟೆಯ ಕೆಳಗಿನ ಕೊಕ್ಕೆಗೆ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಕಿತ್ತಳೆ ಬಣ್ಣದ ದೊಡ್ಡ ಚೀಲ. ಬಾಂಬಿ ಬಕೆಟ್ ಅಂತಾರೆ. ಎಂಐ-17ಗೆ ಕಟ್ಟುವುದರಲ್ಲಿ 3,500 ಲೀಟರ್ ಹಿಡಿಯುತ್ತದೆ, ಅಂದರೆ ಮೂರೂವರೆ ಟನ್. ಹೆಲಿಕಾಪ್ಟರ್ ಕೆರೆಯ ಮೇಲೆ ನಿಂತಲ್ಲೇ ನಿಲ್ಲುತ್ತದೆ, ಬಕೆಟ್ ವಾಲಿ ಮುಳುಗುತ್ತದೆ, ತುಂಬಿದ ಮೇಲೆ ಎತ್ತಿಕೊಂಡು ಹೋಗುತ್ತದೆ. ಬೆಂಕಿಯ ಮೇಲೆ ಪೈಲಟ್ ಗುಂಡಿ ಒತ್ತಿದರೆ ತಳ ಬಿಚ್ಚಿಕೊಳ್ಳುತ್ತದೆ.

ಬಾವಿಯಲ್ಲಿ ಕೊಡ ಸೇದಿದ ಹಾಗೇ, ಅಲ್ವಾ? ವ್ಯತ್ಯಾಸ ಒಂದೇ. ಇಲ್ಲಿ ಸೇದುವವನು ಗಾಳಿಯಲ್ಲಿ ನಿಂತಿದ್ದಾನೆ. ಕೊಡ ಎಲ್ಲಾದರೂ ಸಿಕ್ಕಿಕೊಂಡರೆ ಕಾಲೂರಲು ಅವನಿಗೆ ಕಟ್ಟೆ ಇಲ್ಲ. ತುರ್ತಿಗೆ ಕೊಕ್ಕೆ ಬಿಚ್ಚಿ ಬಕೆಟ್ ಕೆಳಗೆ ಬಿಡುವ ವ್ಯವಸ್ಥೆ ಇದೆ. ಆದರೆ ಅಷ್ಟು ಕೆಳಗೆ ನಿಂತಾಗ ಯೋಚನೆ ಮಾಡಲು ಸಿಗುವುದು ಒಂದೆರಡು ಸೆಕೆಂಡು.

ಇದರ ಜೊತೆಗೆ ನಮ್ಮ ಬೇಸಿಗೆ. ಗಾಳಿ ಬಿಸಿಯಾದಷ್ಟೂ, ಎತ್ತರ ಹೋದಷ್ಟೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಕಮ್ಮಿ. ನಂದಿಬೆಟ್ಟದ ತುದಿ 1,478 ಮೀಟರ್. ಮಾರ್ಚ್ ಮಧ್ಯಾಹ್ನದ ಬಿಸಿಲಲ್ಲಿ ಅಷ್ಟೆತ್ತರಕ್ಕೆ ಮೂರೂವರೆ ಟನ್ ಹೊತ್ತು ಹೋಗುವುದು ಹುಡುಗಾಟ ಅಲ್ಲ. ಅದಕ್ಕೇ ಬಕೆಟ್‌ನ ಪಟ್ಟಿ ಬಿಗಿದು ಕಮ್ಮಿ ನೀರು ತುಂಬುವುದೂ ಉಂಟು. "ಅರ್ಧ ಬಕೆಟ್ ತಗೊಂಡು ಹೋಗ್ತಾ ಇದ್ದಾರೆ, ಸೋಮಾರಿಗಳು" ಅಂತ ಯಾರಾದರೂ ಅಂದರೆ ನಂಬಬೇಡಿ.

ಕೆರೆಯ ಒಳಗೆ ಏನಿದೆ ಅನ್ನುವುದು ನಿಮಗೇ ಗೊತ್ತಿರುವುದು

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಈ ಕೆಲಸ ಊರಿನವರನ್ನು ಬಿಟ್ಟರೆ ಬೇರೆ ಯಾರೂ ಮಾಡಲಾರರು.

ನಮ್ಮ ಕಡೆಯ ಕೆರೆಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದವು. ಅಂಗಳದ ತುಂಬ ಜಾಲಿ ಬೆಳೆದಿತ್ತು. ಆಮೇಲೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಡೆಯಿಂದ ಶುದ್ಧೀಕರಿಸಿದ ನೀರು ಬಂತು. ನಾವೆಲ್ಲ ಎಚ್.ಎನ್. ವ್ಯಾಲಿ ನೀರು ಅನ್ನುತ್ತೇವೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯಿಂದ ಹಿಡಿದು ಎಷ್ಟೋ ಕೆರೆಗಳು ತುಂಬಿದವು. ಜಾಲಿ ಮರಗಳನ್ನು ಕೆಲವು ಕಡೆ ಕಡಿದರು, ಕೆಲವು ಕಡೆ ಹಾಗೇ ಮುಳುಗಿಸಿದರು. ಈಗ ಮೇಲಿಂದ ನೋಡಿದರೆ ಕನ್ನಡಿಯಂಥ ನೀರು. ಎರಡು ಅಡಿ ಕೆಳಗೆ ಮುಳ್ಳು, ಕವಲು, ಬೊಡ್ಡೆ. ಬಕೆಟ್ಟೋ ಹಗ್ಗವೋ ಅದಕ್ಕೆ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಮಾಡಬೇಕಾದದ್ದು ಇಷ್ಟು. ಒಂದು ದೊಡ್ಡ ಡ್ರಾಯಿಂಗ್ ಹಾಳೆ ತನ್ನಿ. ಕೆರೆಯ ಆಕಾರ ಬರೆಯಿರಿ. ಏರಿ, ತೂಬು, ಕೋಡಿ ಗುರುತು ಮಾಡಿ. ಉತ್ತರ ಯಾವ ಕಡೆ ಅಂತ ಬಾಣ ಹಾಕಿ. ಆಮೇಲೆ ಮೀನು ಹಿಡಿಯುವವರನ್ನು ಕೂರಿಸಿಕೊಂಡು ಟೀ ಕುಡಿಸಿ ಕೇಳಿ. ಬೊಡ್ಡೆ ಎಲ್ಲೆಲ್ಲಿದೆ ಅಂತ ಅವರಿಗೆ ಗೊತ್ತು, ಬಲೆ ಹರಿದ ಜಾಗ ಯಾರಾದರೂ ಮರೆಯುತ್ತಾರಾ? ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿ ಎಲ್ಲಿ ಅಂತ ಟ್ರ್ಯಾಕ್ಟರ್ ಓಡಿಸಿದವರನ್ನು ಕೇಳಿ. ಆಳ ಇದ್ದು ಬೊಡ್ಡೆ ಇಲ್ಲದ ಜಾಗ ಒಂದು ಸಿಕ್ಕರೆ ಅದರ ಸುತ್ತ ಹಸಿರು ಪೆನ್ನಲ್ಲಿ ದೊಡ್ಡ ಸೊನ್ನೆ ಸುತ್ತಿ. ಪೈಲಟ್‌ಗೆ ಬೇಕಾದದ್ದು ಆ ಸೊನ್ನೆ.

ಬಲೆ ಬಿಟ್ಟಿದ್ದರೆ ಎಳೆಯಿರಿ. ಥರ್ಮಾಕೋಲ್ ತೇಲಿಸಿದ ಬಲೆಯಂತೂ ಕೂಡಲೇ ದಡಕ್ಕೆ ಬರಬೇಕು.

ಈಗ ಕರೆಂಟ್ ತಂತಿ. ಹೆಲಿಕಾಪ್ಟರ್‌ನವರಿಗೆ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಹೊಗೆ ಇದ್ದರೆ ಕಂಬವೂ ಕಾಣುವುದಿಲ್ಲ. ಇಲಾಖೆಯ ಲೈನ್ ಎಲ್ಲಿ ಹೋಗಿದೆ ಅಂತ ಲೈನ್‌ಮನ್ ಹೇಳುತ್ತಾರೆ. ಆದರೆ ನಾವೇ ನೀಲಗಿರಿ ಗಳ ನೆಟ್ಟು, ಕೆರೆ ಅಂಗಳದ ಮೋಟರಿಗೆ ಎಳೆದುಕೊಂಡಿರುವ ತಂತಿ ಯಾವ ಕಾಗದದಲ್ಲೂ ಇರುವುದಿಲ್ಲ. ನಕ್ಷೆಯಲ್ಲಿ ಅದನ್ನೂ ಬರೆಯಿರಿ. ನಾಚಿಕೆ ಬೇಡ. ದಂಡ ಬಿದ್ದರೆ ಬೀಳಲಿ, ಒಬ್ಬ ಪೈಲಟ್‌ನ ಜೀವಕ್ಕಿಂತ ದೊಡ್ಡದಲ್ಲ. ಗುರುತಿಗೆ ಅಂತ ತಂತಿಯ ಮೇಲೆ ಬಟ್ಟೆ ಎಸೆಯುವ ಬುದ್ಧಿವಂತಿಕೆ ಮಾತ್ರ ಯಾರೂ ಮಾಡಬೇಡಿ. ಲೈನ್ ಆಫ್ ಮಾಡಿಸಬೇಕಾದರೆ ಬೆಸ್ಕಾಂ ಸಹಾಯವಾಣಿ 1912.

ಹಾರುವ ಸಾಮಾನು

ಎಂಐ-17ರ ಮೇಲಿನ ರೆಕ್ಕೆಗಳು ಸುತ್ತುವ ವೃತ್ತದ ಅಗಲ 21 ಮೀಟರ್‌ಗೂ ಜಾಸ್ತಿ. ತುಂಬಿದ ತೂಕ 13 ಟನ್‌ವರೆಗೂ ಹೋಗುತ್ತದೆ. ಅಷ್ಟು ತೂಕ ಮೇಲೆ ನಿಲ್ಲಬೇಕಾದರೆ ಅಷ್ಟೇ ಜೋರಾಗಿ ಗಾಳಿ ಕೆಳಕ್ಕೆ ತಳ್ಳಬೇಕು. ಆ ಗಾಳಿ ನೆಲಕ್ಕೆ ಬಡಿದು ಪಕ್ಕಕ್ಕೆ ಹರಡಿ, ಸುತ್ತಿಕೊಂಡು ಮತ್ತೆ ಮೇಲಕ್ಕೆ ಹೋಗುತ್ತದೆ. ಹಗುರವಾದದ್ದು ಏನಿದ್ದರೂ ಅದರ ಜೊತೆ ಹೋಗುತ್ತದೆ.

ನಾನೇ ಒಂದು ಸಲ ಇದರಲ್ಲಿ ಸಿಕ್ಕಿಬಿದ್ದಿದ್ದೇನೆ. ಸರ್ವಿಸ್‌ಗೆ ಸೇರಿ ಮೂರನೇ ವರ್ಷ. ಬೆಳಿಗ್ಗೆ ಮಂಜು ಅಂತ ಪೆಟ್ಟಿಗೆ ಮೇಲೆ ಒಂದು ಟಾರ್ಪಲ್ ತುಂಡು ಹೊದಿಸಿದ್ದೆ. ಎರಡು ಇಟ್ಟಿಗೆಯನ್ನೂ ಇಟ್ಟಿದ್ದೆ. ಹೆಲಿಕಾಪ್ಟರ್ ಇಳಿಯುತ್ತಿದ್ದ ಹಾಗೆ ಇಟ್ಟಿಗೆ ಅಲ್ಲೇ ಉಳಿಯಿತು, ಟಾರ್ಪಲ್ ಎದ್ದು ನಿಂತಿತು. ಮನುಷ್ಯ ಎದ್ದು ನಿಂತ ಹಾಗೆ. ಆಮೇಲೆ ಸೀದಾ ಬಾಲದ ಕಡೆಗೆ ನಡೆಯಿತು. ನಮ್ಮ ಹಿರಿಯ ಒಬ್ಬರು ಅದರ ಮೇಲೆ ಹಾರಿ ಮಲಗಿಕೊಂಡರು. ಅವರ ಮೊಣಕೈ ಸಿಪ್ಪೆ ಸುಲಿದಿತ್ತು. ನನಗೆ ಒಂದು ಮಾತೂ ಬೈಯಲಿಲ್ಲ. ಇಟ್ಟಿಗೆಗಳನ್ನು ತಂದು ನನ್ನ ಮಂಚದ ಮೇಲೆ ಇಟ್ಟು ಹೋದರು.

ಕೆರೆ ಸುತ್ತ ಈಗ ನಮ್ಮ ತೋಟಗಳನ್ನು ನೋಡಿ. ಹರಿದ ಮಲ್ಚಿಂಗ್ ಪೇಪರ್. ಶೇಡ್‌ನೆಟ್ ಚೂರು. ಯೂರಿಯಾ ಚೀಲ. ಗುಲಾಬಿ ಪಾಲಿಹೌಸ್‌ನಿಂದ ಬಿಚ್ಚಿ ಬದುವಿಗೆ ಎಸೆದ ಹಾಳೆ. ರೇಷ್ಮೆಯವರ ಮನೆ ಗೋಡೆಗೆ ಒಣಗಲು ಒರಗಿಸಿದ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆ. ಎಲ್ಲವೂ ಟಾರ್ಪಲ್‌ನ ಅಣ್ಣ ತಮ್ಮಂದಿರೇ. ಎಂಜಿನ್ ಬಾಯಿಗೋ ಬಾಲದ ರೆಕ್ಕೆಗೋ ಸಿಕ್ಕರೆ ಮುಗಿಯಿತು. ಬಾಲದ ಆ ಸಣ್ಣ ರೆಕ್ಕೆ ಇಲ್ಲದಿದ್ದರೆ ಹೆಲಿಕಾಪ್ಟರ್ ಬುಗುರಿ ಥರ ಸುತ್ತುತ್ತದೆ. ಹೆಲಿಕಾಪ್ಟರ್ ಬರುತ್ತದೆ ಅಂತ ಗೊತ್ತಾದ ಕೂಡಲೇ ಹುಡುಗರನ್ನು ಸಾಲಾಗಿ ನಿಲ್ಲಿಸಿ ದಡ ಪೂರ್ತಿ ಆರಿಸಿ. ಆರಿಸಿದ್ದನ್ನು ಗುಡ್ಡೆ ಹಾಕಿ ಕಲ್ಲಿಡುವುದು ಸಾಲದು, ಟ್ರ್ಯಾಕ್ಟರ್ ಟ್ರಾಲಿಗೆ ತುಂಬಿ ಊರೊಳಕ್ಕೆ ಕಳಿಸಿ.

ಸಾಮಾನು ಸಣ್ಣದು ಅಂತ ಸಸಾರ ಮಾಡಬೇಡಿ. 2022ರ ಜುಲೈನಲ್ಲಿ ಅಮೆರಿಕದ ಐಡಾಹೊದಲ್ಲಿ ಕಾಡಿನ ಬೆಂಕಿಗೆ ಬಕೆಟ್‌ನಲ್ಲಿ ನೀರು ಸಾಗಿಸುತ್ತಿದ್ದ ದೊಡ್ಡ ಚಿನೂಕ್ ಹೆಲಿಕಾಪ್ಟರ್ ನದಿಗೆ ಬಿತ್ತು. ಇಬ್ಬರು ಪೈಲಟ್‌ಗಳೂ ತೀರಿಕೊಂಡರು. ಕಟ್ಟಿಡದ ಒಂದು ಟ್ಯಾಬ್ಲೆಟ್ ಜಾರಿ ಪೆಡಲ್ ಹತ್ತಿರ ಸಿಕ್ಕಿಕೊಂಡದ್ದು ಕಾರಣ ಅಂತ ತನಿಖೆಯಲ್ಲಿ ಬಂತು. ಮಕ್ಕಳು ಕಾರ್ಟೂನ್ ನೋಡುವಂಥ ಟ್ಯಾಬ್ಲೆಟ್.

ಡ್ರೋನ್ ಇಟ್ಟುಕೊಂಡ ತಮ್ಮಂದಿರಿಗೆ

ನಮ್ಮೂರಲ್ಲೇ ಮೂವರ ಹತ್ತಿರ ಇದೆ, ಮದುವೆ ಶೂಟಿಂಗ್‌ಗೆ ಅಂತ. ಬೆಟ್ಟದ ಬೆಂಕಿಯ ವಿಡಿಯೊ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಹೆಲಿಕಾಪ್ಟರ್ ಬರುವ ದಿನ ಅದು ಬೀರುವಿನಲ್ಲೇ ಇರಲಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬೆಂಕಿಯ ಹೊತ್ತಿನಲ್ಲಿ ಒಂದು ಸಣ್ಣ ಡ್ರೋನ್ ನೀರು ಸುರಿಯುವ ವಿಮಾನದ ರೆಕ್ಕೆಗೆ ಬಡಿದು ತೂತು ಮಾಡಿತು. ವಿಮಾನ ಸುರಕ್ಷಿತವಾಗಿ ಇಳಿಯಿತು, ಆದರೆ ರಿಪೇರಿ ಆಗುವವರೆಗೂ ಅದು ಶೆಡ್‌ನಲ್ಲಿ, ಬೆಂಕಿ ಊರಲ್ಲಿ. ಬಾಲದ ರೆಕ್ಕೆ ಇರುವ ಹೆಲಿಕಾಪ್ಟರ್ ಆಗಿದ್ದರೆ ಏನಾಗುತ್ತಿತ್ತೋ.

ಮೇಲೆ ಒಂದಕ್ಕಿಂತ ಹೆಚ್ಚು ಹಾರುತ್ತಿದ್ದರೆ ಕಲಿತವರಿಗೇ ಕಷ್ಟ. 2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕಬಜಾನ್ ಹತ್ತಿರ ಬೆಂಕಿ ಆರಿಸಲು ಹೋದ ಎರಡು ಹೆಲಿಕಾಪ್ಟರ್‌ಗಳೇ ಒಂದಕ್ಕೊಂದು ಡಿಕ್ಕಿ ಹೊಡೆದವು. ದೊಡ್ಡದು ಹೇಗೋ ಇಳಿಯಿತು, ಚಿಕ್ಕದರಲ್ಲಿದ್ದ ಮೂವರೂ ಹೋದರು. ಅಲ್ಲಿ ರೇಡಿಯೊ ಇತ್ತು. ನಿಮ್ಮ ಡ್ರೋನ್‌ಗೆ ಪೈಲಟ್ ಜೊತೆ ಮಾತಾಡಲು ಏನಿದೆ?

ಎಲ್ಲಿ ನಿಲ್ಲಬೇಕು

ನೀರು ಸೇದುವ ಜಾಗದಿಂದ ಕಮ್ಮಿ ಅಂದರೂ 200 ಮೀಟರ್. ಅಳೆಯಲು ಹೋಗಬೇಡಿ, ನಾಲ್ಕು ಲೈಟ್ ಕಂಬ ದಾಟಿ ನಿಂತರೆ ಆಯಿತು. ಹಾರಿ ಹೋಗುವ ದಾರಿಯ ಕೆಳಗಂತೂ ಬೇಡ. ಹಸು ಕುರಿಗಳನ್ನು ಊರಿನ ಆಚೆ ಬದಿಗೆ ಹೊಡೆದುಕೊಂಡು ಹೋಗಿ. ನಮ್ಮ ಕೆಂದಿ ಟ್ರ್ಯಾಕ್ಟರ್ ಹಾರನ್‌ಗೇ ಹಗ್ಗ ಕೀಳುತ್ತಾಳೆ, ಇನ್ನು ಇದು. ಟವೆಲ್, ಟೋಪಿ, ಸೆರಗು ಬಿಗಿಯಾಗಿರಲಿ.

ಖುಷಿಗೆ ಟವೆಲ್ ಬೀಸಬೇಡಿ. ಎರಡೂ ಕೈ ಮೇಲೆತ್ತಿ ನಿಂತರೆ "ಹೌದು, ಸಹಾಯ ಬೇಕು" ಅಂತ ಅರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಓರೆಯಾಗಿ ಹಿಡಿದರೆ "ಬೇಡ" ಅಂತ. ಸುಮ್ನೆ ಕೈ ಎತ್ತಿದವರನ್ನು ನೋಡಿ ಪೈಲಟ್ ಇಳಿಯಲು ಜಾಗ ಹುಡುಕಿದರೆ ತಪ್ಪು ಯಾರದು?

ಬೆಟ್ಟದ ಮೇಲೆ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯಲು ಹೋದವರಿಗೆ ಬೇರೆ ಮಾತು. ಮೇಲಿಂದ ಬೀಳುವುದು ಮಳೆ ಅಲ್ಲ, ಮೂರೂವರೆ ಟನ್ ನೀರು. ಕೊಂಬೆ ಮುರಿಯುತ್ತದೆ, ಕಲ್ಲು ಉರುಳುತ್ತದೆ. ಸದ್ದು ಕೇಳಿದ ಕೂಡಲೇ ಪಕ್ಕಕ್ಕೆ ಸರಿಯಿರಿ. ಸರಿಯಲು ಆಗದಿದ್ದರೆ ಒಣ ಮರದಿಂದ ದೂರ, ಹೆಲಿಕಾಪ್ಟರ್ ಬರುವ ಕಡೆಗೆ ತಲೆ ಮಾಡಿ ಬೋರಲು ಮಲಗಿ, ತಲೆ ಮುಚ್ಚಿಕೊಳ್ಳಿ. ಮಚ್ಚು ಕೊಡಲಿ ಕೈಯಿಂದ ಬಿಟ್ಟು ಪಕ್ಕಕ್ಕೆ ಇಡಿ. ರೆಕ್ಕೆಯ ಗಾಳಿಗೆ ಬೆಂಕಿ ಒಮ್ಮೆ ಜೋರಾಗುವುದೂ ಉಂಟು, ಅದನ್ನೂ ನೆನಪಿಡಿ.

ಬಿದ್ದೇ ಬಿಟ್ಟರೆ

ಬಿದ್ದ ಕೂಡಲೇ ನಮ್ಮ ಜನ ಓಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆ ಮೊದಲ ನಿಮಿಷ ನಿಲ್ಲಿ. ರೆಕ್ಕೆ ಇನ್ನೂ ಸುತ್ತುತ್ತಿರುತ್ತದೆ, ನೆಲಕ್ಕೆ ಬಡಿದು ತುಂಡಾದರೆ ಚೂರುಗಳು ಎಲ್ಲೆಲ್ಲೋ ಹಾರುತ್ತವೆ. ಎಲ್ಲವೂ ನಿಲ್ಲುವವರೆಗೂ ಏರಿಯ ಮರೆಯಲ್ಲೇ ಇರಿ. ಆ ಹೊತ್ತಿನಲ್ಲಿ ಫೋನ್ ಮಾಡಿ. 112. ಊರು, ಕೆರೆ ಹೆಸರು, ನೆಲದ ಮೇಲೋ ನೀರಲ್ಲೋ, ಬೆಂಕಿ ಇದೆಯೋ ಇಲ್ಲವೋ, ಫೈರ್ ಎಂಜಿನ್ ಬರಲು ಕೋಡಿ ಕಡೆಯ ದಾರಿಯೋ ಏರಿ ಕಡೆಯದೋ. ಇಷ್ಟು ಹೇಳಿ. ಒಬ್ಬರನ್ನು ಬೈಕ್‌ನಲ್ಲಿ ಮೇನ್ ರೋಡಿಗೆ ಕಳಿಸಿ, ಬಂದವರಿಗೆ ದಾರಿ ತೋರಿಸಲಿ. ನಮ್ಮೂರಿನ ತಿರುವು ಮೊಬೈಲ್ ಮ್ಯಾಪ್‌ಗೇ ಗೊತ್ತಾಗುವುದಿಲ್ಲ.

ತಂತಿ ಹರಿದು ಬಿದ್ದಿದ್ದರೆ ಲೈನ್‌ಮನ್ ಆಫ್ ಆಯಿತು ಅನ್ನುವವರೆಗೂ ಹತ್ತಿರ ಹೋಗುವ ಮಾತೇ ಇಲ್ಲ.

ರೆಕ್ಕೆ ನಿಂತ ಮೇಲೆ ಗಾಳಿ ನಮ್ಮ ಬೆನ್ನಿಗೆ ಬರುವ ಹಾಗೆ ಹೋಗಿ. ಇಂಧನ ಸೀಮೆಎಣ್ಣೆಯ ಜಾತಿಯದು, ವಾಸನೆ ಮೂಗಿಗೆ ಹೊಡೆಯುತ್ತದೆ. ಬೀಡಿ, ಬೈಕು, ಜನರೇಟರ್ ಎಲ್ಲ ದೂರ. ಹೋಗುವುದು ಮುಂದಿನಿಂದ, ಬಾಲದ ಕಡೆಯಿಂದ ಅಲ್ಲ. ಇಳಿಜಾರಿನಲ್ಲಿ ಬಿದ್ದಿದ್ದರೆ ತಗ್ಗಿನ ಕಡೆಯಿಂದ ಹತ್ತಿಕೊಂಡು ಹೋಗಿ. ಮೇಲಿನ ಕಡೆಯಿಂದ ಇಳಿದು ಬಂದರೆ ರೆಕ್ಕೆ ತಲೆಯ ಮಟ್ಟಕ್ಕೇ ಇರುತ್ತದೆ. ಇದೇ ನಿಯಮ ಹೆಲಿಕಾಪ್ಟರ್ ಸುಮ್ನೆ ಇಳಿದು ನಿಂತಾಗಲೂ.

ಒಳಗಿರುವವರನ್ನು ದರದರ ಎಳೆಯಬೇಡಿ. ಬೆಂಕಿ ಹತ್ತಿಲ್ಲ, ನೀರು ಏರುತ್ತಿಲ್ಲ ಅಂದರೆ ಕುತ್ತಿಗೆ ಅಲುಗಾಡದ ಹಾಗೆ ಹಿಡಿದು, ಮಾತಾಡಿಸುತ್ತಾ ಇರಿ. ತೆಗೆಯಲೇಬೇಕು ಅಂದರೆ ಬೆಲ್ಟ್ ಬಿಚ್ಚುವ ಮುಂಚೆ ಅವರ ತೂಕ ನಿಮ್ಮ ಹೆಗಲಿಗೆ ಬರಲಿ. ತಲೆಕೆಳಗಾಗಿ ನೇತಾಡುತ್ತಿರುವವರ ಬೆಲ್ಟ್ ಬಿಚ್ಚಿದರೆ ಸೀದಾ ತಲೆಯ ಮೇಲೆ ಬೀಳುತ್ತಾರೆ. ಬದುಕಿದ್ದವರ ಕುತ್ತಿಗೆ ನಾವೇ ಮುರಿದ ಹಾಗೆ ಆಗುತ್ತದೆ. ಬೆಲ್ಟ್ ಬಿಚ್ಚಲು ಬರದಿದ್ದರೆ ಕುಡುಗೋಲಿನಲ್ಲಿ ಕೊಯ್ಯಿರಿ, ಅಲಗು ಹೊರಮುಖವಾಗಿರಲಿ. ಒಳಗಿನ ಗುಂಡಿ, ಹಿಡಿ, ಲಿವರ್ ಮುಟ್ಟಬೇಡಿ.

ಕೆರೆಗೆ ಬಿದ್ದರೆ ಒಂದು ವಿಷಯ ಗೊತ್ತಿರಬೇಕು. ಹೆಲಿಕಾಪ್ಟರ್‌ನ ಎಂಜಿನ್, ಗೇರ್‌ಬಾಕ್ಸ್ ಎಲ್ಲ ತಲೆಯ ಮೇಲೆ. ಅದಕ್ಕೇ ನೀರಿಗೆ ಬಿದ್ದದ್ದು ಬೇಗ ಮಗುಚುತ್ತದೆ. ನಿಮಗೆ ಕಾಣುವುದು ಅದರ ಹೊಟ್ಟೆ. ಅದರ ಮೇಲೆ ಹತ್ತಬೇಡಿ, ಕೆಳಗೆ ಮುಳುಗಿ ಹುಡುಕಲು ಹೋಗಬೇಡಿ. ಎಷ್ಟೇ ಈಜು ಬಂದರೂ ಕತ್ತಲು, ಇಂಧನ, ಹರಿದ ತಗಡು, ಅದರ ಜೊತೆ ಜಾಲಿ ಬೊಡ್ಡೆ. ಮೀನಿನವರ ತೆಪ್ಪ, ಟ್ರ್ಯಾಕ್ಟರ್ ಟ್ಯೂಬ್, ಉದ್ದ ಹಗ್ಗ, ಇವು ಸಾಕು. ಹೊರಗೆ ಬಂದು ತೇಲುತ್ತಿರುವವರಿಗೆ ಟ್ಯೂಬ್ ಎಸೆದು ಎಳೆಯಿರಿ.

ಸುಟ್ಟ ಭಾಗಗಳಿಂದ ಏಳುವ ಕಪ್ಪು ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಚೂರುಗಳನ್ನು ಮುಟ್ಟಬೇಡಿ, ಜನರನ್ನು ಉಳಿಸಲು ಬೇಕಾದಷ್ಟು ಮಾತ್ರ ಸರಿಸಿ. ಯಾಕೆ ಬಿತ್ತು ಅನ್ನುವುದು ಆ ಚೂರುಗಳು ಬಿದ್ದಿರುವ ರೀತಿಯಲ್ಲೇ ಇರುತ್ತದೆ. ಬ್ಲ್ಯಾಕ್ ಬಾಕ್ಸ್ ಕಪ್ಪಗಿರುವುದಿಲ್ಲ, ಕಿತ್ತಳೆ ಬಣ್ಣ. ನೆನಪಿಗೆ ಅಂತ ಮನೆಗೆ ತಗೊಂಡು ಹೋಗಿ ಟಿವಿ ಪಕ್ಕ ಇಡುವವರು ಇರುತ್ತಾರೆ, ಅವರಿಗಾಗಿ ಹೇಳಿದೆ.

ನಮ್ಮೂರ ಕೆರೆಯ ನಕ್ಷೆ ಹೋದ ತಿಂಗಳು ಮುಗಿಸಿದೆವು. ಒಂದು ಪ್ರತಿ ಅರಣ್ಯ ಇಲಾಖೆಯವರಿಗೆ, ಒಂದು ಪಂಚಾಯ್ತಿಗೆ ಕೊಟ್ಟೆವು, ಇನ್ನೊಂದನ್ನು ಹಾಲಿನ ಡೈರಿ ಗೋಡೆಗೆ ಅಂಟಿಸಿದ್ದೇವೆ. ನಾನು ಹನ್ನೊಂದು ಬೊಡ್ಡೆ ಗುರುತು ಮಾಡಿದ್ದೆ. ಮಾರನೇ ದಿನ ಹಾಲು ಹಾಕಲು ಹೋದಾಗ ತೂಬಿನ ಪಕ್ಕ ಪೆನ್ಸಿಲ್‌ನಲ್ಲಿ ಹನ್ನೆರಡನೆಯದು ಬಂದಿತ್ತು. ಬರೆದವರು ಕ್ಯಾನ್ ಹಿಡಿದು ನನ್ನ ಹಿಂದೆಯೇ ನಿಂತಿದ್ದರು, ಮೀನು ಹಿಡಿಯುವ ಮಾವ. "ಅಲ್ಲೇ ಕಣಪ್ಪ ನನ್ನ ಎರಡು ಬಲೆ ಹೋಗಿದ್ದು" ಅಂದರು.